ಆಂಪ್‌ನ ಯಾವ ಸಾಕೆಟ್‌ಗೆ ಯಾವ ಪ್ರೀಆಂಪ್ ಟ್ಯೂಬ್?

ಗಿಟಾರ್ ಆಂಪ್‌ನ ಸದ್ದು ಹಿಡಿಸದಿದ್ದರೆ ಬಹಳ ಜನ ಮೊದಲು ಯೋಚಿಸುವುದು ಪ್ರೀಆಂಪ್ ಟ್ಯೂಬ್‌ನ, ಅಂದರೆ ಗಿಟಾರ್‌ನ ಸಣ್ಣ ಸಿಗ್ನಲ್ ಹಿಗ್ಗಿಸುವ ಚಿಕ್ಕ ಗಾಜಿನ ಕೊಳವೆಯ, ಬ್ರ್ಯಾಂಡ್ ಬಗ್ಗೆ. ಅದಕ್ಕೂ ಮುಂಚೆ ತಿಳಿಯಬೇಕಾದದ್ದು, ಆ ಸಾಕೆಟ್‌ನಲ್ಲಿರುವ ಟ್ಯೂಬ್ ಮಾಡುತ್ತಿರುವ ಕೆಲಸ ಯಾವುದು ಅನ್ನುವುದು. ಅದೇ ಟ್ಯೂಬ್ ಒಂದು ಸಾಕೆಟ್‌ನಲ್ಲಿ ಕೂತರೆ ಆಂಪ್‌ನ ಸ್ವಭಾವವೇ ಬದಲಾಗುತ್ತದೆ, ಇನ್ನೊಂದರಲ್ಲಿ ಕೂತರೆ ಏನೂ ಆದಂತೆ ಕೇಳಿಸುವುದಿಲ್ಲ.

ಇನ್‌ಪುಟ್ ಜ್ಯಾಕ್‌ನ ಕಡೆಯಿಂದ ವಿ1, ವಿ2, ವಿ3 ಎಂದು ಎಣಿಸುವುದು ರೂಢಿ. ಸ್ಪೀಕರ್ ನಡೆಸುವ ದೊಡ್ಡ ಪವರ್ ಟ್ಯೂಬ್‌ಗಳ ಪಕ್ಕದಲ್ಲಿರುವ ಕೊನೆಯ ಚಿಕ್ಕ ಟ್ಯೂಬ್ ಸಾಮಾನ್ಯವಾಗಿ ಫೇಸ್ ಇನ್ವರ್ಟರ್, ಅಂದರೆ ಸಿಗ್ನಲ್ಲನ್ನು ಒಂದಕ್ಕೊಂದು ತಿರುವಾದ ಎರಡಾಗಿ ಮಾಡಿ ಪವರ್ ಟ್ಯೂಬ್‌ಗಳಿಗೆ ಕೊಡುವಂಥದ್ದು. ಈ ಒಂಬತ್ತು ಪಿನ್ನಿನ ಟ್ಯೂಬ್‌ಗಳ ಗಾಜಿನೊಳಗೆ ಎರಡೆರಡು ಟ್ರಯೋಡ್ (ಸಿಗ್ನಲ್ ಹಿಗ್ಗಿಸುವ ಘಟಕ) ಇರುತ್ತವೆ, ಎರಡಕ್ಕೂ ಬೇರೆ ಬೇರೆ ಕೆಲಸ ಇರಬಹುದು. ಫೆಂಡರ್‌ನ ಹಳೆಯ 5ಇ3 ಡಿಲಕ್ಸ್‌ನಲ್ಲಿ ವಿ1ರ ಒಂದೊಂದು ಅರ್ಧ ಒಂದೊಂದು ಚಾನೆಲ್‌ಗೆ. ಮಾರ್ಷಲ್ ಜೆಸಿಎಂ800ರ 2203ರಲ್ಲಿ ಹಾಗಲ್ಲ, ಹೈ ಇನ್‌ಪುಟ್‌ಗೆ ಕೊಟ್ಟ ಸಿಗ್ನಲ್ ವಿ1ರ ಎರಡೂ ಅರ್ಧಗಳನ್ನು ಒಂದಾದ ಮೇಲೊಂದರಂತೆ ದಾಟುತ್ತದೆ. ಆದ್ದರಿಂದ 2203ರ ವಿ1ಕ್ಕೆ ಕಡಿಮೆ ಗೇನ್‌ನ (ಸಿಗ್ನಲ್ಲನ್ನು ಕಡಿಮೆ ಹಿಗ್ಗಿಸುವ) ಟ್ಯೂಬ್ ಹಾಕಿದರೆ ಗೇನ್ ಎರಡು ಸಲ ಇಳಿಯುತ್ತದೆ, 5ಇ3ಯಲ್ಲಿ ಒಂದೇ ಸಲ. ನಿಮ್ಮ ಆಂಪ್‌ನ ಸ್ಕೀಮ್ಯಾಟಿಕ್ (ಸರ್ಕ್ಯೂಟ್ ನಕ್ಷೆ) ಹುಡುಕಿ ಇಷ್ಟನ್ನು ನೋಡಿಕೊಳ್ಳಿ, ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಇನ್ನು ಗೇನ್ ಲೆಕ್ಕ. 12ಎಎಕ್ಸ್7ರ ಆಂಪ್ಲಿಫಿಕೇಶನ್ ಫ್ಯಾಕ್ಟರ್ (ಟ್ಯೂಬ್ ಗರಿಷ್ಠ ಎಷ್ಟು ಪಟ್ಟು ಹಿಗ್ಗಿಸಬಲ್ಲದು ಅನ್ನುವ ಅಂಕಿ) 100, 5751ರದ್ದು 70, 12ಎಟಿ7ರದ್ದು 60, 12ಎವೈ7ರದ್ದು ಸುಮಾರು 44, 12ಎಯು7ರದ್ದು 20ರ ಒಳಗೆ. ಯುರೋಪಿನ ಹೆಸರಿನಲ್ಲಿ 12ಎಎಕ್ಸ್7 ಅಂದರೆ ಇಸಿಸಿ83, 12ಎಟಿ7 ಅಂದರೆ ಇಸಿಸಿ81, 12ಎಯು7 ಅಂದರೆ ಇಸಿಸಿ82. 100ರಿಂದ 70ಕ್ಕೆ ಬಂದರೆ ಗೇನ್ 30 ಶೇಕಡಾ ಕಡಿಮೆಯಾಯಿತು ಅಂದುಕೊಳ್ಳುವುದು ಸಹಜ, ಆದರೆ ಸರ್ಕ್ಯೂಟ್‌ನಲ್ಲಿ ಸಿಗುವ ಗೇನ್ ಪ್ಲೇಟ್ ರೆಸಿಸ್ಟರ್ ಮತ್ತು ಟ್ಯೂಬ್‌ನ ಒಳಗಿನ ರೆಸಿಸ್ಟೆನ್ಸ್ ಎರಡನ್ನೂ ಅವಲಂಬಿಸಿರುತ್ತದೆ. ಟ್ಯೂಬ್‌ನೊಳಗಿನ ಎರಡು ಎಲೆಕ್ಟ್ರೋಡ್‌ಗಳಲ್ಲಿ ಪ್ಲೇಟ್‌ಗೆ 100 ಕಿಲೋಓಮ್, ಕ್ಯಾಥೋಡ್‌ಗೆ 1.5 ಕಿಲೋಓಮ್ ಮತ್ತು ಬೈಪಾಸ್ ಕೆಪಾಸಿಟರ್ ಇರುವ ಮಾಮೂಲಿ ಸ್ಟೇಜ್‌ನಲ್ಲಿ (ಹಿಗ್ಗಿಸುವ ಹಂತದಲ್ಲಿ) 12ಎಎಕ್ಸ್7 ಸುಮಾರು 60 ಪಟ್ಟು, 5751 ಸುಮಾರು 44 ಪಟ್ಟು, 12ಎವೈ7 ಸುಮಾರು 35 ಪಟ್ಟು ಹೆಚ್ಚಿಸುತ್ತವೆ. ಡೆಸಿಬಲ್‌ನಲ್ಲಿ ಹೇಳಿದರೆ 5751ರಿಂದ ಇಳಿಯುವುದು 3ರ ಹತ್ತಿರ, 12ಎವೈ7ರಿಂದ 5ರ ಹತ್ತಿರ. ವಾಲ್ಯೂಮ್ ನಾಬ್ ಸ್ವಲ್ಪ ತಿರುಗಿಸಿದರೆ ಸರಿಹೋಗುವಷ್ಟು ಸಣ್ಣ ವ್ಯತ್ಯಾಸ ಇದು. ಇದರ ಪ್ರಯೋಜನ ಗೊತ್ತಾಗುವುದು ಡಿಸ್ಟಾರ್ಶನ್ ಶುರುವಾಗುವ ಜಾಗದಲ್ಲಿ: ನಾಬ್ 3ಕ್ಕೇ ಕೊಳಕಾಗುತ್ತಿದ್ದ ಆಂಪ್ ಇನ್ನೊಂದಷ್ಟು ದೂರ ಶುದ್ಧವಾಗಿ ನಿಲ್ಲುತ್ತದೆ, ಪಿಕ್‌ನ ಬಿಗಿ ಸಡಿಲಕ್ಕೆ ಹೆಚ್ಚು ಸ್ಪಂದಿಸುತ್ತದೆ. ಹಂಬಕರ್ (ಎರಡು ಸುರುಳಿಯ ಪಿಕಪ್) ಗಿಟಾರ್‌ಗೆ ಆಂಪ್‌ನ ಸದ್ದು ಬೇಗ ಡಿಸ್ಟಾರ್ಟ್ ಆಗುತ್ತದೆ ಅನ್ನುವವರಿಗೆ ನನ್ನ ಮೊದಲ ಸಲಹೆ ಯಾವಾಗಲೂ ವಿ1ಕ್ಕೆ 5751.

12ಎಟಿ7ಅನ್ನು ವಿ1ಕ್ಕೆ ಹಾಕುವುದನ್ನು ನಾನು ಸೂಚಿಸುವುದಿಲ್ಲ. ಅದು ಹೈ ಫ್ರೀಕ್ವೆನ್ಸಿ ರೇಡಿಯೋ ಕೆಲಸಕ್ಕೆಂದು ರೂಪಿಸಿದ ಟ್ಯೂಬ್. ಹೆಚ್ಚು ಕರೆಂಟ್ ಹರಿದಾಗ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ 12ಎಎಕ್ಸ್7ಗೆ ಲೆಕ್ಕ ಹಾಕಿದ ರೆಸಿಸ್ಟರ್‌ಗಳ ನಡುವೆ ಅದಕ್ಕೆ ಆ ಕರೆಂಟ್ ಸಿಗುವುದಿಲ್ಲ, ಸದ್ದು ಒರಟಾಗಿ ಒಣಗಿದಂತೆ ಬರುತ್ತದೆ. ಅದರ ನಿಜವಾದ ಜಾಗ ಫೆಂಡರ್ ಬ್ಲ್ಯಾಕ್‌ಫೇಸ್ (ಕಪ್ಪು ಮುಂಫಲಕದ) ಆಂಪ್‌ಗಳ ರಿವರ್ಬ್ (ಪ್ರತಿಧ್ವನಿ) ಡ್ರೈವರ್ ಮತ್ತು ಫೇಸ್ ಇನ್ವರ್ಟರ್. ರಿವರ್ಬ್ ಡ್ರೈವರ್ ಒಂದು ಟ್ರಾನ್ಸ್‌ಫಾರ್ಮರ್ ಮೂಲಕ ಸ್ಪ್ರಿಂಗ್ ಟ್ಯಾಂಕ್‌ಗೆ ಶಕ್ತಿ ಕೊಡಬೇಕು. ಅಲ್ಲಿ 12ಎಎಕ್ಸ್7 ಕೂರಿಸಿದರೆ ಗೇನ್ ಜಾಸ್ತಿ ಇದ್ದರೂ ಕರೆಂಟ್ ಸಾಲದೆ ರಿವರ್ಬ್ ಸೊರಗುತ್ತದೆ.

ಫೇಸ್ ಇನ್ವರ್ಟರ್‌ನಲ್ಲಿ ಎರಡೂ ಅರ್ಧಗಳು ಹತ್ತಿರ ಹತ್ತಿರ ಒಂದೇ ತರಹ ಇರಬೇಕು, ಆದ್ದರಿಂದಲೇ ಬ್ಯಾಲೆನ್ಸ್ಡ್ ಎಂದು ಟೆಸ್ಟ್ ಮಾಡಿದ ಟ್ಯೂಬ್‌ಗಳನ್ನು ಮಾರುತ್ತಾರೆ. ಈ ಸಾಕೆಟ್‌ಗಷ್ಟೇ ಅದಕ್ಕೆ ಅರ್ಥ. ಅಲ್ಲಿಯೂ ಫೇಸ್ ಇನ್ವರ್ಟರ್‌ನ ಮಾಮೂಲಿ ಬಗೆಯಾದ ಲಾಂಗ್ ಟೇಲ್ ಸರ್ಕ್ಯೂಟ್‌ನ ಎರಡು ಬದಿ ತಾನಾಗಿ ಪೂರ್ತಿ ಸಮನಾಗುವುದಿಲ್ಲ, ಅದಕ್ಕೇ ಅನೇಕ ಆಂಪ್‌ಗಳಲ್ಲಿ ಒಂದು ಕಡೆಯ ಪ್ಲೇಟ್ ರೆಸಿಸ್ಟರ್ 82, ಇನ್ನೊಂದು ಕಡೆಯದು 100 ಕಿಲೋಓಮ್ ಇರುವುದು. ವಿ1ಕ್ಕೆ ಬ್ಯಾಲೆನ್ಸ್ಡ್ ಎಂದು ಹೆಚ್ಚು ಹಣ ಕೊಡುವುದು ದಂಡ.

ಮಾರ್ಷಲ್ ಮಾದರಿಯ ಆಂಪ್‌ಗಳಲ್ಲಿ ಟೋನ್ ನಾಬ್‌ಗಳಿಗೆ ಸ್ವಲ್ಪ ಮುಂಚೆ ಕ್ಯಾಥೋಡ್ ಫಾಲೋವರ್ (ಗೇನ್ ಕೊಡದೆ, ಕ್ಯಾಥೋಡ್‌ನಿಂದ ಸಿಗ್ನಲ್ ಮುಂದಕ್ಕೆ ಕೊಡುವ ಸ್ಟೇಜ್) ಇರುತ್ತದೆ. ಅದರ ಕ್ಯಾಥೋಡ್ ನೆಲಕ್ಕಿಂತ (ಗ್ರೌಂಡ್) 150 ವೋಲ್ಟ್‌ಗೂ ಮೇಲೆ ಕೂತಿರುತ್ತದೆ, ಅದನ್ನು ಕಾಯಿಸುವ ಹೀಟರ್ ತಂತಿ ಮಾತ್ರ ನೆಲದ ಹತ್ತಿರ. ಈ ವ್ಯತ್ಯಾಸವನ್ನು ಕೆಲವು ಟ್ಯೂಬ್‌ಗಳು ಬಹಳ ದಿನ ತಾಳುವುದಿಲ್ಲ, ಮೊದಲು ಚಟಪಟ ಸದ್ದು, ಆಮೇಲೆ ಹಮ್, ಕೊನೆಗೆ ಮೌನ. ಆ ಸಾಕೆಟ್‌ನಲ್ಲಿ ಟ್ಯೂಬ್ ಪದೇ ಪದೇ ಸಾಯುತ್ತಿದ್ದರೆ ಆಂಪ್‌ನಲ್ಲಿ ದೋಷ ಹುಡುಕುವ ಮುಂಚೆ, ಕ್ಯಾಥೋಡ್ ಫಾಲೋವರ್‌ಗೆ ಆಗುತ್ತದೆ ಎಂದು ತಯಾರಕರೇ ಹೇಳಿರುವ ಟ್ಯೂಬ್ ಹಾಕಿ ನೋಡಿ.

ಹೊಸ ಟ್ಯೂಬ್ ಕೊಳ್ಳುವ ಮುಂಚೆ ಹಳೆಯದು ನಿಜಕ್ಕೂ ಕೆಟ್ಟಿದೆಯೇ ನೋಡಬೇಕು. ಆಂಪ್ ಆನ್ ಮಾಡಿ, ವಾಲ್ಯೂಮ್ ಮಧ್ಯಕ್ಕಿಟ್ಟು, ಗಿಟಾರ್ ಕೇಬಲ್ ತೆಗೆದು, ಮರದ ಪೆನ್ಸಿಲ್‌ನ ಹಿಂಬದಿಯಿಂದ ಪ್ರತಿ ಟ್ಯೂಬನ್ನೂ ಮೆಲ್ಲಗೆ ತಟ್ಟಿ. ವಿ1ರಲ್ಲಿ ಸ್ವಲ್ಪ ಟಕ್ ಎಂದು ಕೇಳುವುದು ಸಹಜ, ಅದರ ನಂತರದ ಎಲ್ಲ ಸ್ಟೇಜ್‌ಗಳೂ ಆ ತಟ್ಟನ್ನು ಹಿಗ್ಗಿಸುತ್ತವೆ. ಗಂಟೆಯಂತೆ ಗುಂಯ್ ಎಂದು ಉಳಿದುಕೊಂಡರೆ ಅಥವಾ ಕೀರಲು ಶುರುವಾದರೆ ಅದು ಮೈಕ್ರೋಫೋನಿಕ್, ಅಂದರೆ ಅಲುಗಾಟವನ್ನೇ ಸದ್ದಾಗಿಸುವ ಟ್ಯೂಬ್. ಅದನ್ನು ಎಸೆಯಬೇಕಿಲ್ಲ, ಫೇಸ್ ಇನ್ವರ್ಟರ್‌ಗೆ ಸರಿಸಿದರೆ ಬಹಳ ಸಲ ಇನ್ನೂ ವರ್ಷಗಟ್ಟಲೆ ದುಡಿಯುತ್ತದೆ. ಸ್ಪೀಕರ್ ಜೊತೆಗೇ ಇರುವ ಕಾಂಬೋ ಆಂಪ್‌ಗಳಲ್ಲಿ ಅಲುಗಾಟ ಹೆಚ್ಚು, ಉದ್ದ ಪ್ಲೇಟ್‌ನ ಟ್ಯೂಬ್‌ಗಳಿಗೆ ಈ ಕಾಟವೂ ಹೆಚ್ಚು. ಕಾಂಬೋಗೆ ಚಿಕ್ಕ ಪ್ಲೇಟ್‌ನವೇ ಒಳ್ಳೆಯವು.

ಸದ್ದು ಎಲ್ಲಿಂದ ಬರುತ್ತಿದೆ ತಿಳಿಯಲು ವಿ1ರಿಂದ ಶುರುಮಾಡಿ ಒಂದೊಂದೇ ಟ್ಯೂಬ್ ತೆಗೆಯುತ್ತಾ ಹೋಗಿ, ಪ್ರತಿ ಸಲವೂ ಆಂಪ್ ಆಫ್ ಮಾಡಿ, ಟ್ಯೂಬ್ ತಣ್ಣಗಾದ ಮೇಲೆ. ಯಾವುದನ್ನು ತೆಗೆದಾಗ ಸದ್ದು ನಿಂತಿತೋ ತೊಂದರೆ ಆ ಟ್ಯೂಬ್‌ನಲ್ಲಿ ಅಥವಾ ಆ ಸ್ಟೇಜ್‌ನಲ್ಲಿದೆ. ಸ್ಪೀಕರ್ ಮಾತ್ರ ಯಾವಾಗಲೂ ಕನೆಕ್ಟ್ ಆಗಿರಲಿ. ಕೆಲವು ಆಂಪ್‌ಗಳಲ್ಲಿ ಹೀಟರ್‌ಗಳು ಸೀರೀಸ್‌ನಲ್ಲಿರುತ್ತವೆ, ಒಂದನ್ನು ತೆಗೆದರೆ ಉಳಿದವೂ ಆರುತ್ತವೆ. ಅಲ್ಲಿ ಈ ಉಪಾಯ ನಡೆಯದು, ಚೆನ್ನಾಗಿದೆ ಎಂದು ಗೊತ್ತಿರುವ ಟ್ಯೂಬನ್ನು ಒಂದೊಂದು ಸಾಕೆಟ್‌ಗೂ ಹಾಕಿ ನೋಡುವುದೇ ದಾರಿ. ಹೊಸ ಟ್ಯೂಬ್ ಹಾಕಿದರೂ ಚಟಪಟ ನಿಲ್ಲದಿದ್ದರೆ ಪ್ಲೇಟ್ ರೆಸಿಸ್ಟರ್ ಅಥವಾ ಕಿಲುಬು ಹಿಡಿದ ಸಾಕೆಟ್ ಕಾರಣವಿರಬಹುದು. ಚಾಸಿ ಬಿಚ್ಚುವ ಕೆಲಸ ಅನುಭವವಿದ್ದವರಿಗೆ ಬಿಡಿ: ಒಳಗೆ 300ರಿಂದ 450 ವೋಲ್ಟ್, ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಉಳಿದಿರಬಹುದು.

ಪಿನ್ ಸಂಖ್ಯೆ ಒಂದೇ ಎಂದು ಎಲ್ಲ ಟ್ಯೂಬ್‌ಗಳೂ ಹೊಂದುವುದಿಲ್ಲ. ರಷ್ಯಾದ 6ಎನ್2ಪಿಯ ಹೀಟರ್ ಸಂಪರ್ಕವೇ ಬೇರೆ. 12ಬಿಎಚ್7ಗೆ ಹೀಟರ್ ಕರೆಂಟ್ 6.3 ವೋಲ್ಟ್‌ನಲ್ಲಿ 600 ಮಿಲಿಆಂಪಿಯರ್, ಅಂದರೆ 12ಎಎಕ್ಸ್7ರ ಎರಡರಷ್ಟು. ಇವನ್ನು ಸುಮ್ಮನೆ ಕೂರಿಸಬೇಡಿ. ಗೇನ್ ಲೆಕ್ಕದಲ್ಲಿ ಹೇಳಿದ ಐದು ಬಗೆಗಳ ಪಿನ್‌ಗಳು ಒಂದೇ ಕ್ರಮದಲ್ಲಿವೆ, ಅವನ್ನು ಬದಲಿಸಿದಾಗ ಬಯಾಸ್ (ಸಿಗ್ನಲ್ ಇಲ್ಲದಾಗ ಟ್ಯೂಬ್‌ನಲ್ಲಿ ಹರಿಯುವ ಕರೆಂಟ್) ಹೊಂದಿಸುವ ಕೆಲಸವೂ ಇಲ್ಲ.

ಬ್ರ್ಯಾಂಡ್ ವಿಷಯ ಕೊನೆಗೆ ಇಟ್ಟದ್ದು ಬೇಕೆಂದೇ. ಟಂಗ್‌ಸೋಲ್, ಮಲ್ಲಾರ್ಡ್ ಮುಂತಾದ ಹಳೆಯ ಹೆಸರುಗಳಲ್ಲಿ ಹೊಸದಾಗಿ ಬರುವ ಟ್ಯೂಬ್‌ಗಳು, ಸೋವ್‌ಟೆಕ್ ಮತ್ತು ಎಲೆಕ್ಟ್ರೋ ಹಾರ್ಮೋನಿಕ್ಸ್ ಹೆಸರಿನವೂ, ರಷ್ಯಾದ ಸರಾಟೋವ್‌ನ ಕಾರ್ಖಾನೆಯವು, ಜೆಜೆ ಸ್ಲೊವಾಕಿಯಾದ್ದು. ಒಂದೇ ಬ್ರ್ಯಾಂಡ್‌ನ ಎರಡು ಟ್ಯೂಬ್‌ಗಳ ನಡುವೆಯೂ ಹಿಸ್ ಮತ್ತು ಮೈಕ್ರೋಫೋನಿಕ್ಸ್‌ನಲ್ಲಿ ಎದ್ದು ಕಾಣುವ ವ್ಯತ್ಯಾಸ ಇರುತ್ತದೆ. ಹಾಗಾಗಿ ದುಬಾರಿಯ ಒಂದರ ಬದಲು ಸಾಧಾರಣ ಬೆಲೆಯ ಮೂರು 12ಎಎಕ್ಸ್7 ಕೊಂಡು, ವಾಲ್ಯೂಮ್ ಮತ್ತು ಟ್ರೆಬಲ್ ಏರಿಸಿ ಮೂರನ್ನೂ ವಿ1ರಲ್ಲಿ ಕೇಳಿ, ಅತಿ ನಿಶ್ಶಬ್ದವಾದದ್ದನ್ನು ಅಲ್ಲೇ ಬಿಡಿ. ಎರಡನೆಯದು ವಿ2ಕ್ಕೆ. ಮೂರನೆಯದರ ಡಬ್ಬಿಯ ಮೇಲೆ ಅದರ ಗುಣ ಬರೆದು ಗಿಗ್ ಬ್ಯಾಗ್‌ನಲ್ಲಿಟ್ಟುಕೊಳ್ಳಿ.