ಕೆಂಚ ಸುಮ್ಮನೆ ಕಚ್ಚಿರಲಿಲ್ಲ

ಕಳೆದ ವರ್ಷ ಆಷಾಢದ ಒಂದು ಸಂಜೆ, ಸಾಗರದ ಸಮೀಪದ ನಮ್ಮ ಮನೆಯ ಜಗುಲಿಯಲ್ಲಿ ಮಲಗಿದ್ದ ಕೆಂಚನ ತಲೆ ಸವರಲು ಅಪ್ಪಯ್ಯ ಕೈ ಚಾಚಿದಾಗ, ಎಂಟು ವರ್ಷಗಳಿಂದ ಮಕ್ಕಳು ಬಾಲ ಎಳೆದರೂ ಚಕಾರ ಎತ್ತದಿದ್ದ ಆ ನಾಯಿ ಅವರ ಮಣಿಕಟ್ಟಿಗೆ ಬಾಯಿ ಹಾಕಿತು. ನಾಲ್ಕು ಹಲ್ಲಿನ ಗುರುತು ಮೂಡಿತ್ತು, ಎರಡರಿಂದ ರಕ್ತ ಬರುತ್ತಿತ್ತು. ಕಚ್ಚಿದ ಮರುಕ್ಷಣವೇ ಕೆಂಚ ಕಿವಿ ಹಿಂದಕ್ಕೆ ಮಡಚಿಕೊಂಡು, ಭತ್ತದ ಪಣತದ ಸಂದಿಯಲ್ಲಿ ಹೋಗಿ ಕುಳಿತಿತು. ಪಕ್ಕದ ಮನೆಯ ಮಾವ ಬಂದವರೇ, "ಅದಕ್ಕೆ ತಲೆ ಕೆಟ್ಟಿದೆ ಮಾರಾಯ, ದೂರ ಎಲ್ಲಾದರೂ ಬಿಟ್ಟು ಬಾ" ಎಂದರು. ಆ ಗಳಿಗೆಯಲ್ಲಿ ನನಗೂ ಹಾಗೆಯೇ ಅನ್ನಿಸಿತ್ತೆಂದು ಒಪ್ಪಿಕೊಳ್ಳುತ್ತೇನೆ.

ಬಿಟ್ಟು ಬರಲಿಲ್ಲ, ಅದಕ್ಕೆ ಕಾರಣ ಕರುಣೆಗಿಂತ ಹೆಚ್ಚಾಗಿ ಭಯ. ಆ ವರ್ಷದ ರೇಬೀಸ್ ಲಸಿಕೆಯನ್ನು ಹಾಕಿಸಲು ನಾವು ಎರಡು ತಿಂಗಳು ತಡ ಮಾಡಿದ್ದೆವು. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಗಡಿಯಾರ ನೋಡಿಕೊಂಡು 15 ನಿಮಿಷ ತೊಳೆದು, ಅರಿಶಿನ, ಸುಣ್ಣ ಯಾವುದನ್ನೂ ಮೆತ್ತದೆ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ರಕ್ತ ಬಂದಿದ್ದರಿಂದ ಗಾಯದ ಸುತ್ತಲೇ ಇಮ್ಯುನೊಗ್ಲಾಬ್ಯುಲಿನ್, ಅಂದರೆ ವೈರಾಣುವನ್ನು ತಡೆಯುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು, ಕೊಟ್ಟರು. ಲಸಿಕೆಯನ್ನು ಎರಡೂ ತೋಳಿನ ಚರ್ಮದೊಳಗೆ ಚುಚ್ಚಿ, ಆ ದಿನವನ್ನು ಸೊನ್ನೆ ಎಂದು ಹಿಡಿದು 3, 7 ಮತ್ತು 28ನೆಯ ದಿನ ಮತ್ತೆ ಬರಲು ಹೇಳಿದರು. ನಾಯಿಯನ್ನು ಕಟ್ಟಿಹಾಕಿ 10 ದಿನ ಗಮನಿಸಬೇಕೆಂದೂ ತಿಳಿಸಿದರು. ಲಕ್ಷಣ ಕಾಣಿಸಿಕೊಳ್ಳುವುದಕ್ಕೆ ಕೆಲವೇ ದಿನ ಮೊದಲಿನಿಂದ ಮಾತ್ರ ರೇಬೀಸ್ ವೈರಾಣು ನಾಯಿಯ ಜೊಲ್ಲಿನಲ್ಲಿರುತ್ತದೆ. ಆದ್ದರಿಂದ ಕಚ್ಚಿ ಹತ್ತು ದಿನ ಕಳೆದರೂ ನಾಯಿ ಆರೋಗ್ಯವಾಗಿದ್ದರೆ, ಕಚ್ಚಿದ ದಿನ ಅದರ ಜೊಲ್ಲಿನಲ್ಲಿ ವೈರಾಣು ಇರಲಿಲ್ಲವೆಂದು ತಿಳಿಯಬಹುದು. ಕೆಂಚನನ್ನು ದೂರ ಬಿಟ್ಟು ಬಂದಿದ್ದರೆ ಈ ಪರೀಕ್ಷೆಯೇ ನಮ್ಮ ಕೈತಪ್ಪುತ್ತಿತ್ತು, ಜೊತೆಗೆ ಇನ್ನೊಂದು ಊರಿನ ಮಕ್ಕಳ ಮೇಲೆ ಅಪಾಯವನ್ನು ಹೊರಿಸಿದಂತಾಗುತ್ತಿತ್ತು.

ಆ ದಿನಗಳಲ್ಲಿ ನಾನು ಅದರ ಸ್ವರ ಬದಲಾಗಿದೆಯೇ, ಕೆಳದವಡೆ ಜೋತಿದೆಯೇ, ಕಟ್ಟಿಗೆ ಮಣ್ಣು ತಿನ್ನುತ್ತಿದೆಯೇ ಎಂದು ಗಂಟೆಗೊಮ್ಮೆ ನೋಡುತ್ತಿದ್ದೆ. ಹುಚ್ಚು ಹಿಡಿದ ನಾಯಿ ಕಂಡಕಂಡವರ ಮೇಲೆ ಎರಗುತ್ತದೆ ಎನ್ನುವುದು ಅರ್ಧ ಸತ್ಯವಷ್ಟೆ. ಕೆಲವು ನಾಯಿಗಳು ಕತ್ತಲೆಯ ಮೂಲೆ ಸೇರಿ, ಮಂಕಾಗಿ, ಕಾಲು ಸೋತು ಸಾಯುತ್ತವೆ. ಕೆಂಚನಲ್ಲಿ ಇದಾವುದೂ ಕಾಣಲಿಲ್ಲ. ಅನ್ನ ತಿನ್ನುತ್ತಿತ್ತು, ನನ್ನನ್ನು ಕಂಡರೆ ಬಾಲ ಅಲ್ಲಾಡಿಸುತ್ತಿತ್ತು. ಆದರೆ ಬಟ್ಟಲಿಗೆ ಬಾಯಿ ಹಾಕುವಾಗ ತಲೆಯನ್ನು ಎಡಕ್ಕೆ ವಾಲಿಸುತ್ತಿತ್ತು.

ನಾಲ್ಕನೆಯ ದಿನ ಬಂದ ಪಶುವೈದ್ಯರು ಬಾಯಿಗೆ ಪಟ್ಟಿ ಬಿಗಿಸಿ, ಎಡಗಿವಿಯನ್ನು ಎತ್ತಿ ಮೂಸಿ ನೋಡಿದರು. ಹುಳಿ ಹಿಟ್ಟಿನಂಥ ವಾಸನೆ ನನಗೂ ಬಡಿಯಿತು. ನಾಯಿಯ ಕಿವಿನಾಳ ಮನುಷ್ಯರದರಂತೆ ನೇರವಾಗಿಲ್ಲ. ಮೇಲಿನಿಂದ ಕೆಳಗಿಳಿದು, ಅಲ್ಲಿಂದ ಒಳಕ್ಕೆ ತಿರುಗುತ್ತದೆ. ಹಾಗಾಗಿ ಹೊರಗಿನಿಂದ ಸ್ವಚ್ಛವಾಗಿ ಕಾಣುವ ಕಿವಿಯೂ ತಿರುವಿನಾಚೆ ಕೀವು ಕಟ್ಟಿರಬಹುದು. ಕೆಂಚ ಲ್ಯಾಬ್ರಡಾರ್ ಬೆರೆತ ತಳಿ, ಜೋಲುಗಿವಿ. ನಮ್ಮ ಮಳೆಗಾಲದ ತೇವದಲ್ಲಿ ಗಾಳಿಯಾಡದ ಆ ಮಡಿಕೆಯೊಳಗೆ ಶಿಲೀಂಧ್ರ ಸೊಗಸಾಗಿ ಬೆಳೆದಿತ್ತು. ಮಂಪರು ಕೊಟ್ಟು ತೊಳೆದಾಗ ಕಂದು ಬಣ್ಣದ ಕೊಳೆ ಹತ್ತಿಯುಂಡೆಯ ಮೇಲೆ ಉಂಡೆಯುಂಡೆಯಾಗಿ ಬಂತು. ಅಪ್ಪಯ್ಯ ಅಂದು ಕೈಯಿಟ್ಟದ್ದು ಸರಿಯಾಗಿ ಆ ಕಿವಿಯ ಬುಡಕ್ಕೇ.

ನನ್ನನ್ನು ಕಾಡುವುದು ಅದಕ್ಕೂ ಹಿಂದಿನ ಸಂಗತಿ. ಮೂರು ವಾರಗಳಿಂದ ಅದು ಕಿವಿ ಕೆರೆದುಕೊಳ್ಳುತ್ತಿತ್ತು. ಉಣ್ಣಿ ಇರಬೇಕೆಂದು ನಾವು ಸುಮ್ಮನಿದ್ದೆವು. ತಲೆ ಮುಟ್ಟಲು ಹೋದರೆ ಮುಖ ತಿರುಗಿಸಿ ಮೂಗು ನೆಕ್ಕಿಕೊಳ್ಳುತ್ತಿತ್ತು, ನಿದ್ದೆಯಿಲ್ಲದಿದ್ದರೂ ಆಕಳಿಸುತ್ತಿತ್ತು, ಒಮ್ಮೊಮ್ಮೆ ಮೈ ಸೆಟೆಸಿ ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುತ್ತಿತ್ತು. ಇವೆಲ್ಲ 'ದೂರವಿರು' ಎಂದು ನಾಯಿ ಹೇಳುವ ಬಗೆಗಳು. ಕಚ್ಚುವುದಕ್ಕೆ ಒಂದು ವಾರ ಮೊದಲು, ನಾನು ಕೊರಳಪಟ್ಟಿ ಬಿಚ್ಚುವಾಗ ಅದು ಗುರ್ ಎಂದಿತ್ತು. ಯಜಮಾನನ ಮೇಲೆಯೇ ಗುರುಗುಟ್ಟುವುದೇ ಎಂದು ಪತ್ರಿಕೆಯನ್ನು ಸುರುಳಿ ಸುತ್ತಿ ಮೂತಿಗೆ ಎರಡು ಬಾರಿಸಿದ್ದೆ, ಮರುದಿನವೂ ಹಾಗೆಯೇ ಮಾಡಿದ್ದೆ. ನೋವು ಹಾಗೆಯೇ ಉಳಿದಿತ್ತು, ಗುರುಗುಟ್ಟುವುದು ಮಾತ್ರ ನಿಂತಿತು. ಅಪ್ಪಯ್ಯನಿಗೆ ಎಚ್ಚರಿಕೆಯ ಸದ್ದು ಕೇಳಿಸದಂತೆ ಮಾಡಿದವನು ನಾನೇ.

ನಾಯಿ ಹೀಗೆ ಕಚ್ಚುವುದಕ್ಕೆ ನೋವೊಂದೇ ಕಾರಣವೆಂದು ಇದರ ಅರ್ಥವಲ್ಲ. ನೋವಿನ ಮೂಲಗಳಲ್ಲಿ ಕೊಳೆತ ಹಲ್ಲು, ಸವೆದ ಸೊಂಟದ ಕೀಲು ಇವೆಲ್ಲ ಸಾಮಾನ್ಯ, ಆದರೆ ಬೇರೆ ಕಾರಣಗಳೂ ಇವೆ. ಕಣ್ಣು ಮಂಜಾದ, ಕಿವಿ ಮಂದವಾದ ಮುದಿ ನಾಯಿ ನಿದ್ದೆಯಲ್ಲಿ ಮುಟ್ಟಿದರೆ ಬೆಚ್ಚಿ ಕಚ್ಚುತ್ತದೆ. ಥೈರಾಯ್ಡ್ ಕೊರತೆ, ಮಿದುಳಿನ ಗಡ್ಡೆ, ಮೂರ್ಛೆರೋಗ ಕೂಡ ಸ್ವಭಾವವನ್ನು ಬದಲಿಸಬಲ್ಲವು. ಗೇಟಿನಾಚೆಯ ನಾಯಿಯ ಮೇಲಿನ ಸಿಟ್ಟು ಪಕ್ಕದಲ್ಲಿ ಹಗ್ಗ ಹಿಡಿದವನ ಕಾಲಿಗೆ ತಿರುಗುವುದೂ ಉಂಟು.

ಇವಾವುದಕ್ಕೂ ಒಗ್ಗದ ಪ್ರಕರಣಗಳ ಒಂದು ಸಣ್ಣ ಗುಂಪೂ ಇದೆ. ಇಂಗ್ಲಿಷ್ ಸ್ಪ್ರಿಂಗರ್ ಸ್ಪ್ಯಾನಿಯಲ್ ಮತ್ತು ಕಾಕರ್ ಸ್ಪ್ಯಾನಿಯಲ್ ತಳಿಗಳ ಹೆಸರಿನೊಂದಿಗೆ ಹೆಚ್ಚಾಗಿ ಕೇಳಿಬರುವ ಇದನ್ನು 'ರೇಜ್ ಸಿಂಡ್ರೋಮ್' ಎನ್ನುತ್ತಾರೆ. ತೆಪ್ಪಗೆ ಮಲಗಿದ್ದ ನಾಯಿಯ ನೋಟ ಶೂನ್ಯವಾಗಿ, ಅದು ಹಠಾತ್ತನೆ ಭೀಕರವಾಗಿ ಎರಗಿ, ಸ್ವಲ್ಪ ಹೊತ್ತಿನಲ್ಲಿ ಏನೂ ನಡೆಯದಂತೆ ಬಾಲ ಅಲ್ಲಾಡಿಸುತ್ತದೆ. ಇದು ಮಿದುಳಿನ ಒಂದು ಭಾಗದಲ್ಲಿ ಏಳುವ ಅಪಸ್ಮಾರವಿರಬಹುದೆಂಬ ಅನುಮಾನದಿಂದ ಕೆಲವು ನಾಯಿಗಳಿಗೆ ಫಿನೋಬಾರ್ಬಿಟಾಲ್ ಎಂಬ ಮೂರ್ಛೆರೋಗದ ಔಷಧ ಕೊಟ್ಟು ನೋಡುತ್ತಾರೆ. ಖಚಿತಪಡಿಸುವ ರಕ್ತಪರೀಕ್ಷೆಯಿಲ್ಲ, ಉಳಿದೆಲ್ಲ ಕಾರಣಗಳನ್ನು ಒಂದೊಂದಾಗಿ ತೆಗೆದುಹಾಕಿದ ಮೇಲೆ ಮಾತ್ರ ಈ ಹೆಸರಿಡಬಹುದು. ಇದು ಬಹಳ ವಿರಳ. ಕಿವಿಯನ್ನೂ ಹಲ್ಲನ್ನೂ ಪರೀಕ್ಷಿಸದೆ ಮೊಬೈಲಿನಲ್ಲಿ ಓದಿ ಈ ಹೆಸರು ಹಚ್ಚುವವರನ್ನು ಕಂಡರೆ ನನಗೆ ಪಕ್ಕದ ಮನೆಯ ಮಾವನ ನೆನಪಾಗುತ್ತದೆ. ಅವರು ಕನಿಷ್ಠ ಕನ್ನಡದಲ್ಲಿ ಹೇಳಿದ್ದರು.

ಹತ್ತು ದಿನ ಕಳೆದವು, ಕೆಂಚ ಸಾಯಲಿಲ್ಲ, ಅಪ್ಪಯ್ಯ ಚುಚ್ಚುಮದ್ದುಗಳನ್ನು ಪೂರ್ತಿ ಹಾಕಿಸಿಕೊಂಡರು. ಈಗ ಅವರು ದೂರದಿಂದಲೇ ಹೆಸರು ಕರೆದು, ಅದು ಎದ್ದು ಬಂದರೆ ಮಾತ್ರ ಬೆನ್ನು ಸವರುತ್ತಾರೆ. ಎಡಗಿವಿಯ ಸೋಂಕು ಈ ಮಳೆಗಾಲದಲ್ಲೂ ಮರುಕಳಿಸಿದೆ. ಮೊನ್ನೆ ಔಷಧದ ಹನಿ ಬಿಡಲು ಕಿವಿ ಎತ್ತಿದಾಗ ಕೆಂಚ ಸಣ್ಣಗೆ ಗುರ್ ಎಂದಿತು. ನಾನು ಕೈ ಹಿಂದಕ್ಕೆ ತೆಗೆದುಕೊಂಡು, ಒಳಗೆ ಹೋಗಿ ಬಾಯಿಪಟ್ಟಿಯನ್ನೂ ಒಂದು ತುಂಡು ಬೆಲ್ಲದ ದೋಸೆಯನ್ನೂ ತಂದೆ.