ಅಜ್ಜಾರ ತತ್ವಪದದ ಮೇಲೆ ನಮ್ಮ ಮಾತು

ಟಿವಿ ಹಿಡಿದು ರೆಕಾರ್ಡ್ ಮಾಡುವ ಟ್ಯೂನರ್ ಕಾರ್ಡ್ ಹಾಕಿದ ಕಂಪ್ಯೂಟರಿನಲ್ಲಿ ಚಿತ್ರ ಕಾಣುತ್ತಿದೆ, ಸ್ಪೀಕರಿನಲ್ಲಿ ಧ್ವನಿ ಬರುತ್ತಿದೆ ಅಂದ ಮಾತ್ರಕ್ಕೆ ಅದೆಲ್ಲ ಫೈಲಿಗೂ ಇಳಿಯುತ್ತಿದೆ ಅಂತ ನಂಬಬೇಡಿ. ಈಚೆಗೆ ನಮ್ಮ ಸ್ಟುಡಿಯೋಗೆ ಸೇರಿದ ಹುಡುಗ ಯಾರದೋ ಹಳೇ ಮದುವೆ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಲು (ಕ್ಯಾಪ್ಚರ್‌ಗೆ) ಹಾಕಿ ಊಟಕ್ಕೆ ಹೋಗಿದ್ದ. ಬಂದು ಫೈಲ್ ತೆಗೆದರೆ ವಾಲಗವೂ ಇಲ್ಲ, ಮಂತ್ರವೂ ಇಲ್ಲ, ಬರೀ ಚಿತ್ರ. "ಸ್ಕ್ರೀನ್ ಮೇಲೆ ಚೆನ್ನಾಗೇ ಬರ್ತಿತ್ತಣ್ಣಾ, ಸೌಂಡೂ ಇತ್ತು" ಅಂದ. ಅವನನ್ನು ಬೈಯಲಿಲ್ಲ. ಕ್ಯಾಸೆಟ್ ಅಲ್ವಾ, ರಿವೈಂಡ್ ಮಾಡಿ ಮತ್ತೆ ಹಾಕಿದೆವು. ಪ್ರಸಾರಕ್ಕೆ ರಿವೈಂಡ್ ಇರಲ್ಲ. ಅದು ನನಗೆ ಗೊತ್ತಾದ ರಾತ್ರಿಯ ಸಂಗತಿ ಇಲ್ಲಿ ಬರೆದಿಡುತ್ತಿದ್ದೇನೆ, ಈ ಕೆಲಸ ಮಾಡುವ ಹುಡುಗರಿಗೆ ಉಪಯೋಗಕ್ಕೆ ಬರಲಿ ಅಂತ.

2005ರ ಆಸುಪಾಸು. ದಾವಣಗೆರೆಯಲ್ಲಿ ಒಂದು ಲೋಕಲ್ ಕೇಬಲ್ ಚಾನೆಲ್‌ನ ಕಂಟ್ರೋಲ್ ರೂಮಿನಲ್ಲಿದ್ದೆ. ಮಹಡಿ ಮೇಲೆ ಊರಿಗೆಲ್ಲ ಚಾನೆಲ್‌ಗಳನ್ನು ಕಳಿಸುವ ಹೆಡ್‌ಎಂಡ್, ಡಿಶ್‌ಗಳು, ಮಾಡ್ಯುಲೇಟರ್ ರ‍್ಯಾಕ್. ಕೆಳಗೆ ನಾವು. ಸಂಜೆ ಊರಿನ ಸುದ್ದಿ, ರಾತ್ರಿ ಒಂದು ಸಿನಿಮಾ, ನಡುವೆ ಸೀರೆ ಅಂಗಡಿ, ಟ್ಯುಟೋರಿಯಲ್ಸ್, ಚಿನ್ನದಂಗಡಿ ಜಾಹೀರಾತು. ದುಗ್ಗಮ್ಮನ ಜಾತ್ರೆ ಬಂದರೆ ಹಗಲೂ ರಾತ್ರಿ ಕೆಲಸ. ಇಷ್ಟಕ್ಕೆಲ್ಲ ಇದ್ದದ್ದು ಎರಡು ಕಂಪ್ಯೂಟರ್. ಒಂದರಲ್ಲಿ ಪ್ಲೇಔಟ್, ಅಂದರೆ ಕಾರ್ಯಕ್ರಮ ಪ್ರಸಾರಕ್ಕೆ ಬಿಡುವ ಕೆಲಸ. ಇನ್ನೊಂದು ಪೆಂಟಿಯಂ 4, ಅದರಲ್ಲೇ ಎಡಿಟಿಂಗ್, ಅದರಲ್ಲೇ ಪರದೆಯ ಕೆಳಗೆ ಓಡುವ ಸ್ಕ್ರೋಲ್, ಅದರಲ್ಲೇ ಜಾಹೀರಾತಿಗೆ ಮಾತು ಸೇರಿಸುವ ವಾಯ್ಸ್ ಓವರ್, ಅದರಲ್ಲೇ ಬಿಟಿ 878 ಚಿಪ್‌ನ ಟ್ಯೂನರ್ ಕಾರ್ಡ್. ಕಾರ್ಡ್ ಬಂದ ತಿಂಗಳೇ ಓನರ್ ನಮ್ಮ ವಿಸಿಆರನ್ನು ಯಾರಿಗೋ ಕೊಟ್ಟುಬಿಟ್ಟರು. "ಕಂಪ್ಯೂಟರೇ ರೆಕಾರ್ಡ್ ಮಾಡ್ತದಲ್ಲಪ್ಪ, ಇನ್ಯಾಕೆ ಆ ಡಬ್ಬ" ಅಂದರು. ಬೇಡ ಅಂತ ಹೇಳಿದ್ದೆ. ಕೇಳುವವರು ಇರಲಿಲ್ಲ.

ಹರಿಹರದ ಕಡೆಯ ಹಳ್ಳಿಯೊಂದರಿಂದ ಒಬ್ಬರು ಬಂದರು. ಅವರ ತಂದೆ ಏಕತಾರಿ ಹಿಡಿದು ತತ್ವಪದ ಹಾಡುವವರು. ಬೆಂಗಳೂರಿಗೆ ಕರೆಸಿ ಚಂದನಕ್ಕೆ ಅರ್ಧ ಗಂಟೆಯ ಕಾರ್ಯಕ್ರಮ ಮಾಡಿಸಿಕೊಂಡಿದ್ದರಂತೆ, ಅವತ್ತು ರಾತ್ರಿ ಪ್ರಸಾರ. "ನಮ್ಮೂರಾಗೆ ಆ ಹೊತ್ತಿಗೆ ಕರೆಂಟ್ ಇರ್ತದೋ ಇಲ್ಲೋ ಗೊತ್ತಿಲ್ರೀ. ಒಂದು ಸೀಡಿ ಮಾಡಿ ಕೊಡ್ರಿ, ಎಷ್ಟಾದ್ರೂ ಆಗ್ಲಿ ಕೊಡ್ತೀನಿ" ಅಂದರು. ದುಡ್ಡು ಬೇಡ ಅಂದೆ. ನಮ್ಮ ಜಿಲ್ಲೆಯ ಒಬ್ಬ ಹಿರಿಯರು ಟಿವಿಯಲ್ಲಿ ಹಾಡುತ್ತಾರೆ ಅಂದರೆ ಲೋಕಲ್ ಚಾನೆಲ್‌ನವರು ಅದನ್ನು ಇಟ್ಟುಕೊಳ್ಳಲೇಬೇಕು, ನಮ್ಮಂಥವರು ಇರುವುದೇ ಅದಕ್ಕೆ. ಆಗಲೂ ಹಾಗೇ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಸಿದ್ಧತೆ ಸರಿಯಾಗೇ ಇತ್ತು. ಟ್ಯೂನರ್ ಸಾಫ್ಟ್‌ವೇರಿನಲ್ಲಿ ನಮ್ಮ ದೇಶದ ಟಿವಿ ಪ್ರಸಾರದ ಪದ್ಧತಿ ಪಾಲ್ ಬಿ/ಜಿ ಇದೆಯೇ ನೋಡಿದೆ. ಅದು ತಪ್ಪಿದರೆ ಚಿತ್ರ ನೆಟ್ಟಗಿದ್ದು ಧ್ವನಿ ಮಾತ್ರ ಸುಯ್ಯನ್ನುತ್ತದೆ, ಯಾಕಂದರೆ ನಮ್ಮಲ್ಲಿ ಧ್ವನಿ ಹೊತ್ತು ತರುವ ಅಲೆ (ಕ್ಯಾರಿಯರ್) ಚಿತ್ರದ್ದಕ್ಕಿಂತ 5.5 ಮೆಗಾಹರ್ಟ್ಸ್ ಮೇಲೆ ಇರುತ್ತದೆ, ಬೇರೆ ಕೆಲವು ಪಾಲ್‌ಗಳಲ್ಲಿ ಹಾಗಲ್ಲ. ವಿಸಿಡಿಯ (ವಿಡಿಯೋ ಸೀಡಿಯ) ಚಿತ್ರದ ಅಳತೆ 352 ಗುಣಿಸು 288 ಬೇಡ, 720 ಗುಣಿಸು 576ಕ್ಕೇ ಹಾಕೋಣ, ಆಮೇಲೆ ಅವರಿಗೆ ವಿಸಿಡಿ ಮಾಡಿಕೊಟ್ಟರಾಯಿತು ಅಂದುಕೊಂಡೆ. ವಿಡಿಯೋ ಕುಗ್ಗಿಸಿಡುವ ಎಂಪೆಗ್ 2 ರೂಪ, ಸೆಕೆಂಡಿಗೆ 4 ಮೆಗಾಬಿಟ್, ಅರ್ಧ ಗಂಟೆಗೆ 900 ಎಂಬಿ ಹತ್ತಿರ. ಡಿಸ್ಕಿನಲ್ಲಿ ಜಾಗ ಇತ್ತು.  ಸ್ಕ್ರೋಲ್ ಸಾಫ್ಟ್‌ವೇರ್ ಮುಚ್ಚಿದೆ, ಆಂಟಿವೈರಸ್ ನಿಲ್ಲಿಸಿದೆ, ಯುಪಿಎಸ್ ಬ್ಯಾಟರಿ ನೋಡಿದೆ.

ರೆಕಾರ್ಡ್ ಒತ್ತಿದೆ. ಅಜ್ಜಾರು ಬಿಳಿ ರುಮಾಲು ಸುತ್ತಿ ಕೂತಿದ್ದರು. ಏಕತಾರಿ ಮೀಟಿದರು. ಕೆಳಗೆ ಆಡಿಯೋ ಮೀಟರ್ ಹಸಿರು ಪಟ್ಟಿ ಹಾಡಿನ ಜೊತೆಗೇ ಏರಿತು, ಇಳಿಯಿತು. ದನಿ ಎತ್ತಿದಾಗ ಎತ್ತರ, ತಗ್ಗಿಸಿದಾಗ ತಗ್ಗು. ಲೆವೆಲ್ ಸ್ವಲ್ಪ ಕಡಿಮೆ ಇದೆ, ಆಮೇಲೆ ಎತ್ತಿಕೊಳ್ಳಬಹುದು ಅಂದುಕೊಂಡೆ. ನನಗೆ ಅಷ್ಟೇ ಸಾಕ್ಷಿ ಸಾಕಾಯಿತು. ಕುರ್ಚಿಗೆ ಒರಗಿದೆ. ಫ್ಯಾನ್ ಓಡುತ್ತಿತ್ತು. ಲೈನ್‌ಮನ್ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಬಂದಿದ್ದ, ಪೇಪರ್ ಬಿಚ್ಚಿದ. ಜಾಹೀರಾತು ನೋಡಿಕೊಳ್ಳುವ ಹುಡುಗ ಯಾವ ಅಂಗಡಿಯವರು ಇನ್ನೂ ಬಾಕಿ ಕೊಟ್ಟಿಲ್ಲ ಅಂತ ಹೇಳತೊಡಗಿದ. ನಾನೂ ಮಾತಾಡಿದೆ.

ಕಾರ್ಯಕ್ರಮ ಅರ್ಧದ ಹತ್ತಿರ ಬಂದಿತ್ತು. ಒಂದು ಪದ ಮುಗಿಸಿ ಅಜ್ಜಾರು ಸುಮ್ಮನೆ ಏಕತಾರಿಯ ಬಿರಡೆ ತಿರುವುತ್ತಿದ್ದರು. ಟಿವಿಯಲ್ಲಿ ಸದ್ದಿಲ್ಲ. ಆಗ ನಮ್ಮ ಲ್ಯಾಂಡ್‌ಲೈನ್ ಹೊಡೆದುಕೊಂಡಿತು, ಯಾವುದೋ ಚಾನೆಲ್ ಬರ್ತಿಲ್ಲ ಅನ್ನುವ ಕಂಪ್ಲೇಂಟ್. ಮೀಟರ್ ಕೆಂಪಿಗೆ ಹಾರಿತು.

ಒಂದು ಕ್ಷಣ ತಿಳಿಯಲಿಲ್ಲ. ಚಂದನದ ಸ್ಟುಡಿಯೋದಲ್ಲಿ ಫೋನ್ ಹೊಡೆದಿಲ್ಲ, ನಮ್ಮ ಮೇಜಿನ ಮೇಲೆ ಹೊಡೆದಿದೆ. ಆಮೇಲೆ ಕಣ್ಣು ಮೈಕಿನ ಮೇಲೆ ಬಿತ್ತು. ಮಧ್ಯಾಹ್ನ ಆಷಾಢ ರಿಯಾಯಿತಿಯ ಜಾಹೀರಾತಿಗೆ ವಾಯ್ಸ್ ಓವರ್ ಮಾಡಿದ್ದರು. ಮೈಕ್ ಸ್ಟ್ಯಾಂಡ್ ಸಮೇತ ಮಾನಿಟರಿನ ಪಕ್ಕದಲ್ಲೇ ನಿಂತಿತ್ತು.

ಗೊತ್ತಿಲ್ಲದವರಿಗೆ ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಆ ಕಾಲದ ಕಾರ್ಡುಗಳಲ್ಲಿ ಸ್ಕ್ರೀನ್ ಮೇಲಿನ ಚಿತ್ರ ಓವರ್‌ಲೇ. ಟ್ಯೂನರ್ ಚಿಪ್ ಚಿತ್ರವನ್ನು ಕಾರ್ಡುಗಳನ್ನು ಜೋಡಿಸುವ ಪಿಸಿಐ ಬಸ್ ಮೂಲಕ ನೇರ ಡಿಸ್‌ಪ್ಲೇ ಕಾರ್ಡಿನ ಮೆಮೊರಿಗೇ ಸುರಿಯುತ್ತದೆ, ಪ್ರೊಸೆಸರಿಗೆ ಅದರ ಗೊಡವೆಯೇ ಇಲ್ಲ. ಸ್ಕ್ರೀನ್‌ಶಾಟ್ ತೆಗೆದರೆ ಟಿವಿ ಇದ್ದ ಜಾಗದಲ್ಲಿ ಬಣ್ಣದ ಚೌಕ ಮಾತ್ರ ಬರುತ್ತಿದ್ದದ್ದು ಇದಕ್ಕೇ. ಧ್ವನಿಯ ಕಥೆಯೂ ಹೀಗೇ. ನಮ್ಮ ಕಾರ್ಡಿನಿಂದ ಒಂದು ಗಿಡ್ಡ ವೈರ್ ಸೌಂಡ್ ಕಾರ್ಡಿನಲ್ಲಿ ಹೊರಗಿನ ಧ್ವನಿ ಒಳಗೆ ಬರುವ ಲೈನ್ ಇನ್‌ಗೆ ಹೋಗುತ್ತಿತ್ತು. ಅಲ್ಲಿಂದ ಸ್ಪೀಕರಿಗೆ ಹೋಗುವುದು ಒಂದು ದಾರಿ, ಫೈಲಿಗೆ ಹೋಗುವುದು ಇನ್ನೊಂದು. ಒಂದೇ ಟ್ಯಾಂಕಿನ ಎರಡು ನಲ್ಲಿಯ ಹಾಗೆ, ಅಡುಗೆಮನೆಯಲ್ಲಿ ನೀರು ಬಂತು ಅಂದರೆ ಬಚ್ಚಲಲ್ಲೂ ಬಂತು ಅಂತಲ್ಲ. ವಿಂಡೋಸ್ ಎಕ್ಸ್‌ಪಿಯಲ್ಲಿ ಗಡಿಯಾರದ ಪಕ್ಕದ ಸ್ಪೀಕರ್ ಚಿತ್ರ ಎರಡು ಸಲ ಒತ್ತಿದರೆ ಬರುವುದು ಪ್ಲೇಬ್ಯಾಕ್ ಕಿಟಕಿ. ರೆಕಾರ್ಡಿಂಗ್ ಕಿಟಕಿ ಬೇಕಾದರೆ ಆಪ್ಶನ್ಸ್, ಪ್ರಾಪರ್ಟೀಸ್ ಅಂತ ಒಳಗೆ ಹೋಗಿ ಬದಲಿಸಬೇಕು. ಯಾವುದರ ಧ್ವನಿ ಫೈಲಿಗೆ ಇಳಿಯಬೇಕು ಅನ್ನುವ ಟಿಕ್ ಅಲ್ಲಿ ಮಧ್ಯಾಹ್ನದಿಂದ ಮೈಕಿಗೇ ಇತ್ತು.

ಹಾಗಾಗಿ ಅಜ್ಜಾರ ದನಿ ಸ್ಪೀಕರಿನಿಂದ ಹೊರಬಂದು, ಫ್ಯಾನಿನ ಗಾಳಿ ದಾಟಿ, ನಮ್ಮ ಮಾತಿನ ಜೊತೆ ಮೈಕಿಗೆ ಬೀಳುತ್ತಿತ್ತು. ಮೀಟರ್ ಹಾಡಿನ ಜೊತೆ ಏರಿಳಿದದ್ದು ಸುಳ್ಳಲ್ಲ. ಮೈಕ್ ಹಾಡನ್ನು ಕೇಳುತ್ತಿತ್ತು, ನಮ್ಮನ್ನೂ ಕೇಳುತ್ತಿತ್ತು. ಧ್ವನಿ ಪೂರ್ತಿ ಇಲ್ಲದೇ ಹೋಗಿದ್ದರೆ ಪಟ್ಟಿ ಏಳದೆ ಮೊದಲ ನಿಮಿಷದಲ್ಲೇ ತಿಳಿಯುತ್ತಿತ್ತು. ಅರ್ಧ ಸರಿ ಇದ್ದದ್ದೇ ನಮ್ಮನ್ನು ಕೆಡಿಸಿತು.

ಆಮೇಲಿನ ನಿಮಿಷಗಳು ನನಗೆ ಇನ್ನೂ ಚುಚ್ಚುತ್ತವೆ. ಟಿಕ್ ಬದಲಿಸಲು ರೆಕಾರ್ಡಿಂಗ್ ನಿಲ್ಲಿಸಬೇಕಾಗಿರಲಿಲ್ಲ. ಆ ಕಿಟಕಿ ತೆಗೆದು ಲೈನ್ ಇನ್ ಮೇಲೆ ಒಂದು ಕ್ಲಿಕ್ ಮಾಡಿದ್ದರೆ ಅಲ್ಲಿಂದ ಮುಂದೆ ಶುದ್ಧ ಧ್ವನಿ ಇಳಿಯುತ್ತಿತ್ತು. ಆದರೆ ಆ ಮೆಷಿನ್ ನನಗೆ ಗೊತ್ತು. ಎಂಪೆಗ್ 2 ಎನ್‌ಕೋಡ್ ಆಗುವಾಗ ಪ್ರೊಸೆಸರ್ ಪೂರಾ ತುಂಬಿರುತ್ತದೆ, ಇನ್ನೊಂದು ಕಿಟಕಿ ತೆಗೆದರೆ ಫ್ರೇಮ್ ಡ್ರಾಪ್ ಆಗಿ ಚಿತ್ರ ತುಂಡಾಗುತ್ತದೆ, ಹಿಂದೆ ಹಾಗೆ ಮಾಡಿ ಹ್ಯಾಂಗ್ ಆದದ್ದೂ ಉಂಟು. ಹ್ಯಾಂಗ್ ಆದರೆ ಉಳಿದರ್ಧ ಚಿತ್ರವೂ ಹೋಗುತ್ತದೆ. ಮೌಸ್ ಮೇಲೆ ಕೈ ಇಟ್ಟುಕೊಂಡೇ ಕೂತೆ. ಅಜ್ಜಾರು ಮುಂದಿನ ಪದ ಎತ್ತಿಕೊಂಡರು. ಮುಟ್ಟಲಾ, ಬೇಡವಾ? ಲೈನ್‌ಮನ್ ಹುಡುಗ "ನಿಲ್ಲಿಸಿ ಮತ್ತೆ ಹಾಕಣ್ಣ, ಒಂದು ನಿಮಿಷ ಹೋದ್ರೆ ಹೋಗ್ಲಿ" ಅಂದ. ಅವನ ಮಾತು ಸರಿ ಇತ್ತು. ನಾನು ಬೇಡ ಅಂದೆ. ಫೋನಿನ ರಿಸೀವರ್ ಎತ್ತಿಟ್ಟೆ, ಫ್ಯಾನ್ ಆರಿಸಿದೆ, ಬಾಗಿಲು ಹಾಕಿಸಿದೆ, ಮೈಕನ್ನು ಮೆಲ್ಲಗೆ ಎತ್ತಿ ಸ್ಪೀಕರ್ ಮುಂದಿಟ್ಟೆ. ಸ್ಟ್ಯಾಂಡ್ ಮೇಜಿಗೆ ತಗುಲಿದ ಸದ್ದೂ ಫೈಲಿನಲ್ಲಿದೆ. ಕಾರ್ಯಕ್ರಮ ಮುಗಿಯುವವರೆಗೆ ಮೂವರೂ ಬೆವರುತ್ತಾ ಉಸಿರು ಬಿಗಿಹಿಡಿದು ನಿಂತಿದ್ದೆವು.

ಮುಗಿದ ಮೇಲೆ ಹಾಕಿ ಕೇಳಿದೆವು. ಮೊದಲರ್ಧದಲ್ಲಿ ತತ್ವಪದದ ಮೇಲೆ ಮಂಡಕ್ಕಿ ಪೇಪರಿನ ಸದ್ದು, ಬಾಕಿ ದುಡ್ಡಿನ ಲೆಕ್ಕ, ನನ್ನ ನಗು. ಎರಡನೇ ಅರ್ಧ ಪರವಾಗಿಲ್ಲ, ಆದರೆ ಡಬ್ಬದೊಳಗಿಂದ ಹಾಡಿದ ಹಾಗೆ ಕೇಳುತ್ತಿತ್ತು. ರಾತ್ರಿಯೇ ಕೂತು ಬೇಡದ ಸದ್ದು ತೆಗೆಯುವ ನಾಯ್ಸ್ ರಿಡಕ್ಷನ್ ಹಾಕಿ ನೋಡಿದೆ. ಫ್ಯಾನಿನ ಸದ್ದು ಒಂದೇ ಸಮ ಇರುವುದರಿಂದ ಸಾಫ್ಟ್‌ವೇರ್ ಅದನ್ನು ಗುರುತು ಹಿಡಿದು ತೆಗೆಯುತ್ತದೆ. ಏಕತಾರಿಯ ಶ್ರುತಿಯೂ ಒಂದೇ ಸಮ ಇರುತ್ತದಲ್ಲ, ಫ್ಯಾನಿನ ಗುಂಯ್ ತೆಗೆಯಹೋದರೆ ಅದೂ ಸವೆದುಹೋಗುತ್ತಿತ್ತು. ಮಾತಿನ ಸದ್ದನ್ನಂತೂ ಹಾಡಿನಿಂದ ಬಿಡಿಸಲು ಆಗಲೇ ಇಲ್ಲ.

ಮಗ ಬಂದಾಗ ಸೀಡಿ ಕೊಡುವ ಮೊದಲು ಹೆಡ್‌ಫೋನ್ ಹಾಕಿ ಕೇಳಿಸಿದೆ, ಏನಾಯಿತು ಅಂತ ಪೂರ್ತಿ ಹೇಳಿದೆ. ಅವರು ಕೊನೆವರೆಗೂ ಕೇಳಿದರು. "ನಮ್ಮಪ್ಪಾಜಿ ದನಿ ಐತಲ್ರೀ, ಆತು ಬಿಡ್ರಿ" ಅಂದರು. ಊರಲ್ಲಿ ಅವತ್ತು ಕರೆಂಟ್ ಇರಲಿಲ್ಲವಂತೆ.

ಓನರಿಗೆ ಹೇಳಿ, ವಾಯ್ಸ್ ಓವರಿಗೆ ಬೇರೆ ಮೆಷಿನ್ ಕೊಡಿಸಿ ಅಂದೆ. ಮುಂದಿನ ಜಾತ್ರೆ ಕಳೆಯಲಿ ಅಂದರು. ಆ ಜಾತ್ರೆಯೂ ಕಳೆಯಿತು, ಅದರ ಮುಂದಿನದೂ ಕಳೆಯಿತು. ನಾವೇ ರೂಢಿ ಬದಲಿಸಿಕೊಂಡೆವು. ವಾಯ್ಸ್ ಓವರ್ ಮುಗಿದ ಕೂಡಲೇ ಮೈಕಿನ ಪಿನ್ ಕಿತ್ತು ಡ್ರಾಯರಿಗೆ. ರೆಕಾರ್ಡಿಂಗ್ ಇದ್ದರೆ ಸ್ಪೀಕರ್ ಆಫ್. ಮೊದಲೇ ಒಂದು ನಿಮಿಷ ರೆಕಾರ್ಡ್ ಮಾಡಿ, ನಿಲ್ಲಿಸಿ, ಆ ಫೈಲನ್ನೇ ತೆಗೆದು ಹೆಡ್‌ಫೋನಿನಲ್ಲಿ ಕೇಳಬೇಕು. ಸ್ಕ್ರೀನ್ ನೋಡಿ ಸರಿ ಇದೆ ಅಂದರೆ ಒಪ್ಪುತ್ತಿರಲಿಲ್ಲ, ಮೀಟರ್ ನೋಡಿದೆ ಅಂದರೂ ಒಪ್ಪುತ್ತಿರಲಿಲ್ಲ. ಮನೆಯಿಂದ ನನ್ನದೇ ವಿಸಿಆರ್ ತಂದಿಟ್ಟೆ, ಮುಖ್ಯವಾದದ್ದು ಏನಿದ್ದರೂ ಅದರಲ್ಲೂ ಒಂದು ಓಡುತ್ತಿತ್ತು. ಓನರಿಗೆ ಅದು ಇಷ್ಟವಿರಲಿಲ್ಲ.

ಆಮೇಲೆ ಸೆಟ್‌ಟಾಪ್ ಬಾಕ್ಸ್ ಬಂತು. ಕೇಬಲ್ ಡಿಜಿಟಲ್ ಮಾಡುವ ಮೂರನೇ ಹಂತಕ್ಕೆ, ಅಂದರೆ ಉಳಿದ ನಗರ ಪಟ್ಟಣಗಳಿಗೆಲ್ಲ, ಸರ್ಕಾರ ಇಟ್ಟ ಗಡುವು 2015ರ ಡಿಸೆಂಬರ್ 31. ಹಳೇ ಅನಲಾಗ್ ಪ್ರಸಾರ ಹೋದಮೇಲೆ ಆ ಕಾರ್ಡಿನ ಟ್ಯೂನರಿಗೆ ಕೇಬಲ್‌ನಲ್ಲಿ ಹಿಡಿಯಲು ಏನೂ ಉಳಿಯಲಿಲ್ಲ. ಹೊರಗಿನ ಪ್ಲೇಯರ್ ಜೋಡಿಸುವ ಎವಿ ಇನ್‌ಪುಟ್ ಮಾತ್ರ ಈಗಲೂ ಚೆನ್ನಾಗಿದೆ. ಹಳೇ ವಿಎಚ್‌ಎಸ್ ಕ್ಯಾಸೆಟ್‌ಗಳನ್ನು ಅದರಲ್ಲೇ ಇಳಿಸಿಕೊಡುತ್ತೇನೆ. ಹೊಸ ಯುಎಸ್‌ಬಿ ಕ್ಯಾಪ್ಚರ್ ಸಾಧನಗಳಲ್ಲೂ ಈ ತೊಂದರೆ ಹೋಗಿಲ್ಲ. ಆಡಿಯೋ ಡಿವೈಸ್ ಅಂತ ಕೇಳುವ ಕಡೆ ಲ್ಯಾಪ್‌ಟಾಪಿನ ಮೈಕೇ ಆಯ್ಕೆಯಾಗಿ ಕೂತಿರುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಅಜ್ಜಾರು ಈಗ ಇಲ್ಲ. ಅವರ ಮನೆಯವರ ಹತ್ತಿರ ಇರುವುದು ಆ ಸೀಡಿ ಒಂದೇ. 2005ರ ಸುಮಾರಿಗೆ ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆ ಚಂದನದ ಜಾನಪದ ಕಾರ್ಯಕ್ರಮಗಳನ್ನು ಮನೆಯಲ್ಲಿ ವಿಸಿಆರ್‌ಗೆ ಹಾಕಿಕೊಳ್ಳುತ್ತಿದ್ದವರು ಇದ್ದರೆ, ದಯವಿಟ್ಟು ಅಟ್ಟದ ಮೇಲೆ ಒಮ್ಮೆ ನೋಡಿ. ಬಿಳಿ ರುಮಾಲಿನ ಅಜ್ಜ, ಒಬ್ಬರೇ, ಏಕತಾರಿ. ಬೂಷ್ಟು ಹಿಡಿದಿದ್ದರೆ ಪ್ಲೇಯರಿಗೆ ಹಾಕಿ ನೋಡಲು ಹೋಗಬೇಡಿ, ಹೆಡ್ಡಿಗೆ ಅಂಟಿ ರೀಲೇ ಹರಿಯಬಹುದು. ಹಾಗೇ ತಂದುಕೊಡಿ, ಕ್ಲೀನ್ ಮಾಡುವುದು ನನಗೆ ಗೊತ್ತು.