ಅಟ್ಟದಲ್ಲಿ ಸಿಕ್ಕಿದ ಎರಡು ಬಲ್ಬುಗಳು

ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಮನೆಯ ಅಟ್ಟ ಗುಡಿಸುವಾಗ ಇನ್ನೂ ಪೆಟ್ಟಿಗೆಯಿಂದ ತೆಗೆಯದ ಎರಡು ಎಲ್‌ಇಡಿ ಬಲ್ಬುಗಳು ಸಿಕ್ಕಿದವು. ವಿದ್ಯುತ್ ಉಳಿತಾಯ ಯೋಜನೆಯಲ್ಲಿ ಬಂದವು. ಹಣವನ್ನು ಕರೆಂಟು ಬಿಲ್ಲಿನ ಜೊತೆ ಕಂತಿನಲ್ಲಿ ಕಟ್ಟಿದ್ದೇವೆ.

60 ವ್ಯಾಟಿನ ಬಲ್ಬಿನ ಜಾಗದಲ್ಲಿ 9 ವ್ಯಾಟಿನದು ದಿನಕ್ಕೆ ಐದು ಗಂಟೆ ಉರಿದರೆ ಎರಡು ತಿಂಗಳಿಗೆ ಸುಮಾರು 15 ಯೂನಿಟ್ ಉಳಿಯುತ್ತದೆ. ಆದರೆ ಉರಿಯಬೇಕಲ್ಲ! ಹಂಚಿದ್ದನ್ನಷ್ಟೇ ಎಣಿಸಿ ಗುಣಿಸಿದರೆ ಅಟ್ಟದಲ್ಲಿ ಧೂಳು ತಿಂದ ಇವೂ ಉಳಿತಾಯದ ಲೆಕ್ಕಕ್ಕೆ ಸೇರಿಬಿಡುತ್ತವೆ. ನಮ್ಮ ಮನೆಗಂತೂ ಯಾರೂ ಬಂದು ನೋಡಿಲ್ಲ.

2003ರ ವಿದ್ಯುತ್ ಕಾಯ್ದೆಯಂತೆ ಕರೆಂಟು ದರ ನಿಗದಿಗೆ ಸಲ್ಲಿಸಿದ ಅರ್ಜಿಯನ್ನು ಪ್ರಕಟಿಸಬೇಕು, ಜನರ ಸಲಹೆ, ಆಕ್ಷೇಪಗಳನ್ನು ಪರಿಗಣಿಸಿಯೇ ದರ ನಿಗದಿ ಮಾಡುವ ವಿದ್ಯುತ್ ನಿಯಂತ್ರಣ ಆಯೋಗ ಆದೇಶ ಕೊಡಬೇಕು. ಉಳಿತಾಯಕ್ಕೆಂದು ನಾವು ಕೊಟ್ಟ ಹಣಕ್ಕೂ ಅಷ್ಟೇ ತೆರೆದ ಲೆಕ್ಕ ಬೇಕು: ಎಷ್ಟು ಕೊಂಡರು, ಎಷ್ಟು ಕೆಟ್ಟವು, ಅಳೆದವರು ಯಾರು. ಹಂಚಿದವರೇ ಅಳೆಯುವುದನ್ನು ನಾನು ಒಪ್ಪಲಾರೆ. ಲೆಕ್ಕ ಕನ್ನಡದಲ್ಲೂ ಇರಲಿ, ಅಮ್ಮ ಓದುವುದು ಅದನ್ನೇ.

ಕಾಸರಗೋಡಿನ ಕನ್ನಡಿಗರು ಸರಕಾರಕ್ಕೆ ಕನ್ನಡದಲ್ಲೇ ಬರೆಯುವ ಹಕ್ಕು ಕೇರಳದ ಭಾಷಾ ಕಾನೂನಿನಲ್ಲೇ ಇದೆ. ಈ ಲೆಕ್ಕ ಕೇಳುವ ಮಾಹಿತಿ ಹಕ್ಕಿನ ಅರ್ಜಿಯನ್ನು ಇಂದು ರಾತ್ರಿ ಬರೆಯುತ್ತೇನೆ. ಒಂದು ಬಲ್ಬನ್ನು ಈಗಷ್ಟೇ ಜಗಲಿಗೆ ಹಾಕಿದೆ.